ತಾರೆಯಾಗದೆ ಕೋಚ್ ಆದವರು

ಫುಟ್‌ಬಾಲ್ ಲೋಕದಲ್ಲಿ ಆ್ಯಶ್ಲಿ ವೆಸ್ಟ್‌ವುಡ್ ಎಂಬ ಹೆಸರಿನವರು ಇಬ್ಬರಿದ್ದಾರೆ. ಇಬ್ಬರೂ ಇಂಗ್ಲೆಂಡಿನವರು, ಇಬ್ಬರೂ ಕ್ರೂ ಅಲೆಕ್ಸಾಂಡ್ರಾ ಎಂಬ ಒಂದೇ ಸಣ್ಣ ಕ್ಲಬ್ಬಿನಿಂದ ಮೇಲೆ ಬಂದವರು. ಕಿರಿಯರು 1990ರಲ್ಲಿ ಹುಟ್ಟಿದ ಮಿಡ್‌ಫೀಲ್ಡರ್. ಆಸ್ಟನ್ ವಿಲ್ಲಾ, ಬರ್ನ್‌ಲಿ ಪರ ಪ್ರೀಮಿಯರ್ ಲೀಗ್‌ನಲ್ಲಿ ವರ್ಷಗಟ್ಟಲೆ ಆಡಿ, ಆಮೇಲೆ ಅಮೆರಿಕದ ಷಾರ್ಲಟ್ ಸೇರಿದರು. ಮೊಬೈಲಿನಲ್ಲಿ ಹೆಸರು ಒತ್ತಿದರೆ ಮೊದಲು ಬರುವುದು ಅವರದೇ ಫೋಟೊ. ಹಿರಿಯರನ್ನು ಕಾಣಬೇಕಾದರೆ ಇನ್ನಷ್ಟು ಕೆಳಗೆ ಜಾರಬೇಕು. ಆದರೆ ಬೆಂಗಳೂರಿನ ಪಶ್ಚಿಮ ಗ್ಯಾಲರಿಯಲ್ಲಿ ನಿಂತು ಗಂಟಲು ಹರಿದುಕೊಂಡವರಿಗೆ ವೆಸ್ಟ್‌ವುಡ್ ಎಂದರೆ ಒಬ್ಬರೇ: 1976ರಲ್ಲಿ ಹುಟ್ಟಿದ, ಡಿಫೆಂಡರ್ ಆಗಿ ಊರೂರು ಸುತ್ತಿ, ಮೂವತ್ತಾರನೇ ವಯಸ್ಸಿಗೆ ಬೆಂಗಳೂರು ಎಫ್‌ಸಿಯ ಮೊದಲ ಕೋಚ್ ಆಗಿ ಬಂದಿಳಿದ ಈ ಹಿರಿಯ.

ಇಂಥವರ ಬಗ್ಗೆ ಬರೆಯುವವರು ಕಡಿಮೆ. ವಿಶ್ವಕಪ್ ಆಡಿಲ್ಲ, ಇಂಗ್ಲೆಂಡ್ ಜರ್ಸಿ ತೊಟ್ಟಿಲ್ಲ, ಜಾಹೀರಾತಿನಲ್ಲಿ ಮುಖ ಕಂಡಿಲ್ಲ. ಆದರೂ ವೃತ್ತಿಪರ ಫುಟ್‌ಬಾಲ್ ಎಂಬ ದೊಡ್ಡ ಯಂತ್ರ ನಡೆಯುವುದು ಇಂಥವರಿಂದಲೇ. ಎರಡು ವರ್ಷದ ಕರಾರು, ಮುಗಿದರೆ ಮತ್ತೊಂದು ಊರು, ಹೊಸ ಬಾಡಿಗೆ ಮನೆ, ಮಕ್ಕಳಿಗೆ ಹೊಸ ಶಾಲೆ, ಗಾಯವಾದರೆ ಕರಾರು ಉಳಿಯುತ್ತದೋ ಇಲ್ಲವೋ ಎಂಬ ಲೆಕ್ಕಾಚಾರ. ಭಾರತದ ಫುಟ್‌ಬಾಲ್ ದೊಡ್ಡ ಹೆಸರುಗಳ ಹಿಂದೆ ಕೋಟಿಗಟ್ಟಲೆ ಸುರಿಯುತ್ತಿದ್ದ ವರ್ಷಗಳಲ್ಲೇ ಬೆಂಗಳೂರು ಇಂಥ ಒಬ್ಬರನ್ನು ತಂದು ಕೂರಿಸಿತು. ನಮ್ಮ ಊರಿನ ಕ್ಲಬ್ ತೆಗೆದುಕೊಂಡ ಅತ್ಯಂತ ಜಾಣ ತೀರ್ಮಾನ ಅದೇ ಎಂಬುದು ನನ್ನ ಖಚಿತ ಅಭಿಪ್ರಾಯ.

ವೆಸ್ಟ್‌ವುಡ್ ಶುರುಮಾಡಿದ ಜಾಗವೇನೂ ಸಣ್ಣದಲ್ಲ, ಮ್ಯಾಂಚೆಸ್ಟರ್ ಯುನೈಟೆಡ್‌ನ ಯುವ ತಂಡ. ಬೆಕಮ್, ಸ್ಕೋಲ್ಸ್, ನೆವಿಲ್ ಸೋದರರು ಬೆಳೆದ ಅದೇ ಗರಡಿ. 1995ರ ಬೇಸಿಗೆಯಲ್ಲಿ ಅಲೆಕ್ಸ್ ಫರ್ಗ್ಯೂಸನ್ ಅವರು ಪಾಲ್ ಇನ್ಸ್, ಮಾರ್ಕ್ ಹ್ಯೂಸ್, ಕಾಂಚೆಲ್‌ಸ್ಕಿಸ್ ಅವರಂಥ ಘಟಾನುಘಟಿಗಳನ್ನು ಮಾರಿ, ಹುಡುಗರಿಗೆ ಬಾಗಿಲು ತೆರೆದರು. ಆ ಹುಡುಗರು ಮುಂದಿನ ವರ್ಷವೇ ಲೀಗ್ ಮತ್ತು ಎಫ್‌ಎ ಕಪ್ ಎರಡನ್ನೂ ಗೆದ್ದು ಜಗತ್ತಿಗೆ ಪರಿಚಿತರಾದರು. ಅದೇ ಬೇಸಿಗೆಯಲ್ಲಿ ವೆಸ್ಟ್‌ವುಡ್ ಗಂಟುಮೂಟೆ ಕಟ್ಟಿ ಕ್ರೂ ಪಟ್ಟಣದ ದಾರಿ ಹಿಡಿದರು. ಯುನೈಟೆಡ್‌ನ ಹಿರಿಯರ ತಂಡದಲ್ಲಿ ಒಂದು ಪಂದ್ಯವೂ ಅವರ ಹೆಸರಿನಲ್ಲಿಲ್ಲ.

ಕ್ರೂ ಎಂಬುದು ಇಂಗ್ಲೆಂಡಿನ ರೈಲ್ವೆ ಪಟ್ಟಣ, ನಮ್ಮ ಹುಬ್ಬಳ್ಳಿಯ ಹಾಗೆ ಜಂಕ್ಷನ್ನು ಮತ್ತು ವರ್ಕ್‌ಶಾಪಿನಿಂದಲೇ ಬೆಳೆದ ಊರು. ಅಲ್ಲಿನ ತಂಡಕ್ಕೆ ಅಭಿಮಾನಿಗಳು ಇಟ್ಟ ಹೆಸರೇ 'ರೈಲ್ವೆಮೆನ್'. ದೊಡ್ಡ ಕ್ಲಬ್‌ಗಳು ಕೈಬಿಟ್ಟ ಹುಡುಗರನ್ನು ತಂದು, ತಿದ್ದಿ, ಮತ್ತೆ ದೊಡ್ಡ ಕ್ಲಬ್‌ಗಳಿಗೆ ಮಾರುವುದು ಅದರ ಹೊಟ್ಟೆಪಾಡು. 1997ರಲ್ಲಿ ವೆಂಬ್ಲಿಯ ಪ್ಲೇಆಫ್ ಫೈನಲ್‌ನಲ್ಲಿ ಬ್ರೆಂಟ್‌ಫರ್ಡ್ ತಂಡವನ್ನು ಒಂದು ಗೋಲಿನಿಂದ ಸೋಲಿಸಿ ಕ್ರೂ ಮೇಲಿನ ದರ್ಜೆಗೆ ಏರಿತು. ಮರುವರ್ಷ ವೆಸ್ಟ್‌ವುಡ್ ಬ್ರಾಡ್‌ಫರ್ಡ್ ಸಿಟಿಗೆ ಮಾರಾಟವಾದರು. 1999ರಲ್ಲಿ ಬ್ರಾಡ್‌ಫರ್ಡ್ ಪ್ರೀಮಿಯರ್ ಲೀಗ್‌ಗೆ ಬಡ್ತಿ ಪಡೆಯಿತು. ಅಲ್ಲಿ ಅವರಿಗೆ ಸಿಕ್ಕಿದ್ದು ಬೆರಳೆಣಿಕೆಯ ಪಂದ್ಯಗಳು. ಆಟಗಾರನಾಗಿ ಅವರು ಹತ್ತಿದ ಅತಿ ಎತ್ತರದ ಮೆಟ್ಟಿಲು ಅದು. ಆಗ ವಯಸ್ಸು ಇಪ್ಪತ್ಮೂರು.

ಅಲ್ಲಿಂದ ಮುಂದೆಲ್ಲ ಇಳಿಜಾರು. ಷೆಫೀಲ್ಡ್ ವೆನ್ಸ್‌ಡೇ, ನಾರ್ತಾಂಪ್ಟನ್, ಚೆಸ್ಟರ್, ಪೋರ್ಟ್ ವೇಲ್, ಸ್ಟೀವನೇಜ್, ರೆಕ್ಸಮ್, ಕ್ರಾಲಿ, ಕೆಟರಿಂಗ್... ರೈಲ್ವೆ ವೇಳಾಪಟ್ಟಿ ಓದಿದಂತೆ ಇದೆಯಲ್ಲ! ಎರಡನೇ ದರ್ಜೆಯಿಂದ ಮೂರಕ್ಕೆ, ಮೂರರಿಂದ ನಾಲ್ಕಕ್ಕೆ, ಕೊನೆಗೆ ವೃತ್ತಿಪರ ಲೀಗಿನ ಹೊಸಿಲಿನಿಂದಲೂ ಕೆಳಕ್ಕೆ. ಆದರೆ ಪ್ರತಿ ಊರಿನಲ್ಲೂ ಒಬ್ಬ ಹೊಸ ಮ್ಯಾನೇಜರ್, ಅವರದೇ ಅಭ್ಯಾಸದ ರೀತಿ, ಅವರದೇ ಡ್ರೆಸ್ಸಿಂಗ್ ರೂಮಿನ ಕಾನೂನು. ಯಾರ ಮಾತಿಗೆ ಆಟಗಾರರು ಕಿವಿಗೊಡುತ್ತಾರೆ, ಯಾರ ಬೆನ್ನ ಹಿಂದೆ ಗೊಣಗುತ್ತಾರೆ, ಬೆಂಚಿನ ಮೇಲೆ ಕೂತವನಿಗೆ ಏನು ಹೇಳಿದರೆ ಸಮಾಧಾನ ಎನ್ನುವುದೆಲ್ಲ ಗೊತ್ತಾಗುವುದು ಅಲ್ಲೇ. ಪ್ರತಿ ಭಾನುವಾರ ಗೋಲು ಹೊಡೆದು ಹಾರ ಹಾಕಿಸಿಕೊಂಡವನಿಗೆ ಬೆಂಚಿನ ಕಷ್ಟ ತಿಳಿಯುವುದು ಹೇಗೆ?

ಕೋಚಿಂಗ್ ಕೆಲಸದ ಮೊದಲ ಪಾಠಗಳು ಇನ್ನೂ ಕಠಿಣ. ಯುನೈಟೆಡ್‌ನ ಗರಡಿಯಲ್ಲೇ ಬೆಳೆದ ಮೈಕೆಲ್ ಆ್ಯಪಲ್‌ಟನ್ 2011ರ ಕೊನೆಗೆ ಪೋರ್ಟ್ಸ್‌ಮತ್ ತಂಡದ ಮ್ಯಾನೇಜರ್ ಆದಾಗ ವೆಸ್ಟ್‌ವುಡ್ ಅವರ ಬಳಗ ಸೇರಿಕೊಂಡರು. ಕೆಲವೇ ತಿಂಗಳಲ್ಲಿ ಕ್ಲಬ್ ದಿವಾಳಿಯೆದ್ದಿತು. ಹತ್ತು ಅಂಕ ಕಡಿತ, ಕೆಳ ದರ್ಜೆಗೆ ಹಿಂಬಡ್ತಿ. 2012ರ ಬೇಸಿಗೆಯಲ್ಲಿ ಹಿರಿಯ ಆಟಗಾರರೆಲ್ಲ ಒಬ್ಬೊಬ್ಬರಾಗಿ ಬಿಟ್ಟುಹೋಗಿ, ಋತು ಶುರುವಾಗುವ ಹೊತ್ತಿಗೆ ಅಕಾಡೆಮಿ ಹುಡುಗರನ್ನೇ ಕಣಕ್ಕಿಳಿಸಬೇಕಾಯಿತು. ಮುಂದೆ ಆ್ಯಪಲ್‌ಟನ್ ಜೊತೆಗೇ ಬ್ಲ್ಯಾಕ್‌ಪೂಲ್, ಅಲ್ಲಿಂದ ಎರಡು ತಿಂಗಳಲ್ಲಿ ಬ್ಲ್ಯಾಕ್‌ಬರ್ನ್. ಬ್ಲ್ಯಾಕ್‌ಬರ್ನ್‌ನ ಮಾಲೀಕರು ಪುಣೆಯ ಕೋಳಿ ಉದ್ಯಮಿಗಳು, ವೆಂಕೀಸ್‌ನವರು. 67 ದಿನಕ್ಕೇ ಆ್ಯಪಲ್‌ಟನ್ ಕೆಲಸ ಹೋಯಿತು. ಭಾರತೀಯ ಮಾಲೀಕರ ಕೈಕೆಳಗಿನ ಮೊದಲ ಅನುಭವ ಹಾಗಿದ್ದರೂ, ಅದೇ ವರ್ಷ ಇನ್ನೊಬ್ಬ ಭಾರತೀಯ ಮಾಲೀಕರ ಕರೆಗೆ ಹ್ಞೂಂ ಎಂದು ವಿಮಾನ ಹತ್ತಿದರಲ್ಲ, ಆ ಧೈರ್ಯಕ್ಕೆ ಮೆಚ್ಚಬೇಕು. ಊರೂರು ತಿರುಗಿದವರಿಗೆ ಇನ್ನೊಂದು ಊರು ಹೆಚ್ಚೇನೂ ಅಲ್ಲ ಅನ್ನಿಸಿರಲೂಬಹುದು.

ಜಿಂದಾಲ್ ಅವರ ಜೆಎಸ್‌ಡಬ್ಲ್ಯು ಸಮೂಹ 2013ರ ಜುಲೈನಲ್ಲಿ ಬೆಂಗಳೂರು ಎಫ್‌ಸಿಯನ್ನು ಹುಟ್ಟುಹಾಕಿದಾಗ ಊರಿನಲ್ಲಿ ನಂಬಿದವರು ಕಡಿಮೆ. ಹಾಗೆಂದು ಬೆಂಗಳೂರಿಗೆ ಫುಟ್‌ಬಾಲ್ ಹೊಸತೇನಲ್ಲ. 1937ರಲ್ಲಿ ರೋವರ್ಸ್ ಕಪ್ ಗೆದ್ದ ಬೆಂಗಳೂರು ಮುಸ್ಲಿಮ್ಸ್ ತಂಡ ನಮ್ಮದು. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸ್ ವಿರುದ್ಧ ಭಾರತದ ಏಕೈಕ ಗೋಲು ಹೊಡೆದ ಸಾರಂಗಪಾಣಿ ರಾಮನ್ ನಮ್ಮವರು. ಆಸ್ಟಿನ್ ಟೌನ್, ಗೌತಮಪುರದ ಗಲ್ಲಿಗಳಿಂದ ಬಂದವರು ಐಟಿಐ, ಎಚ್‌ಎಎಲ್ ತಂಡಗಳಲ್ಲಿ ಕೆಲಸ ಗಿಟ್ಟಿಸಿ, ಕಾರ್ಖಾನೆ ಪಾಳಿಯ ಜೊತೆಗೇ ಚೆಂಡು ಒದ್ದು ನಿವೃತ್ತರಾದರು. ಆದರೆ ಆ ಕಾರ್ಖಾನೆ ಯುಗ ಮುಗಿಯುತ್ತ ಬಂದಿತ್ತು. ಎಚ್‌ಎಎಲ್ ತಂಡ ಐ-ಲೀಗ್‌ನಿಂದ ಹಿಂಬಡ್ತಿ ಪಡೆದು ವರ್ಷವಷ್ಟೇ ಆಗಿತ್ತು. ಊರಿನಲ್ಲಿ ಶನಿವಾರ ರಾತ್ರಿ ಟಿ.ವಿ. ಎದುರು ಕುಳಿತು ಆರ್ಸೆನಲ್, ಲಿವರ್‌ಪೂಲ್ ಎನ್ನುವವರಿಗೇನೂ ಬರವಿರಲಿಲ್ಲ, ಮೈದಾನಕ್ಕೆ ಬರುವವರಿಗಷ್ಟೇ ಬರ.

ಅಶೋಕನಗರದ ಫುಟ್‌ಬಾಲ್ ಕ್ರೀಡಾಂಗಣವನ್ನು ಆ ಮೊದಲ ವರ್ಷ ಕಂಡವರು ಮರೆಯಲಾರರು. ಕೃತಕ ಹುಲ್ಲು. ಅದರ ನಡುವೆ ತುಂಬಿದ ಕಪ್ಪು ರಬ್ಬರ್ ಕಾಳು ಆಟಗಾರ ಜಾರಿ ಟ್ಯಾಕಲ್ ಮಾಡಿದಾಗಲೆಲ್ಲ ನೀರಿನಂತೆ ಚಿಮ್ಮುತ್ತಿತ್ತು. ಗ್ಯಾಲರಿ ಮೈದಾನಕ್ಕೆ ಎಷ್ಟು ಹತ್ತಿರವೆಂದರೆ ಥ್ರೋ ಎಸೆಯಲು ಬಂದವನ ಏದುಸಿರು ಕೇಳಿಸುತ್ತಿತ್ತು. ವೆಸ್ಟ್‌ವುಡ್ ಗೆರೆಯ ಪಕ್ಕದಲ್ಲಿ ಕೂರುವ ಜಾಯಮಾನದವರಲ್ಲ. ಎಡಬದಿಯ ಬ್ಯಾಕ್ ಎರಡು ಹೆಜ್ಜೆ ಹಿಂದುಳಿದರೂ ಹೆಸರು ಹಿಡಿದು ಕೂಗು ಬೀಳುತ್ತಿತ್ತು. ಮಿಜೋರಾಂ, ಮಣಿಪುರದಿಂದ ಬಂದ ಹುಡುಗರಿಗೆ ಆ ಇಂಗ್ಲಿಷ್ ಎಷ್ಟು ಅರ್ಥವಾಗುತ್ತಿತ್ತೋ ಕಾಣೆ, ಕೈಸನ್ನೆಯಂತೂ ಗ್ಯಾಲರಿಯ ಕೊನೇ ಸಾಲಿನವರಿಗೂ ಅರ್ಥವಾಗುತ್ತಿತ್ತು. ಪಶ್ಚಿಮ ಗ್ಯಾಲರಿಯಲ್ಲಿ 'ವೆಸ್ಟ್ ಬ್ಲಾಕ್ ಬ್ಲೂಸ್' ಎಂಬ ಅಭಿಮಾನಿ ಪಡೆ ಕಟ್ಟಿಕೊಂಡಿತು. 2013ರ ಸೆಪ್ಟೆಂಬರ್ 22ರಂದು ಮೋಹನ್ ಬಾಗನ್ ಎದುರಿನ ಮೊದಲ ಪಂದ್ಯ 1-1. ಕ್ಲಬ್ಬಿನ ಮೊದಲ ಗೋಲು ಆಸ್ಟ್ರೇಲಿಯಾದ ಷಾನ್ ರೂನಿಯದು.

ತಂಡ ಕಟ್ಟಿದ ರೀತಿಯಲ್ಲೇ ಕೋಚ್‌ನ ಹಿನ್ನೆಲೆ ಕಾಣುತ್ತಿತ್ತು. ನಾಯಕ ಸುನಿಲ್ ಛೆಟ್ರಿಯನ್ನು ಬಿಟ್ಟರೆ ಟಿಕೆಟ್ ಮಾರಾಟವಾಗುವಂಥ ಹೆಸರು ಒಂದೂ ಇರಲಿಲ್ಲ. ರಕ್ಷಣೆಗೆ ಬಂದವರು ಜಾನ್ ಜಾನ್ಸನ್ ಮತ್ತು ಕರ್ಟಿಸ್ ಒಸಾನೊ. ಜಾನ್ಸನ್ ಮಿಡ್ಲ್ಸ್‌ಬರೊದಲ್ಲಿ ಬೆಳೆದು ನಾರ್ತಾಂಪ್ಟನ್‌ನಂಥ ಕೆಳ ದರ್ಜೆಯ ತಂಡದಲ್ಲಿ ಆಡಿಕೊಂಡಿದ್ದವರು. ಒಸಾನೊ ಕೆನ್ಯಾ ಮೂಲದವರು, ರೆಡಿಂಗ್ ಅಕಾಡೆಮಿಯ ಹುಡುಗ. ಇಬ್ಬರೂ ವೆಸ್ಟ್‌ವುಡ್ ನಡೆದ ದಾರಿಯಲ್ಲೇ ನಡೆದವರು. ಅಂಥವರನ್ನು ಎಲ್ಲಿ ಹುಡುಕಬೇಕು, ಎಷ್ಟು ಕೊಡಬೇಕು, ಅವರಿಂದ ಏನು ನಿರೀಕ್ಷಿಸಬಹುದು ಎನ್ನುವುದು ಈ ಕೋಚ್‌ಗೆ ಚೆನ್ನಾಗಿ ಗೊತ್ತಿತ್ತು. ಜಾನ್ಸನ್ ಬೆಂಗಳೂರಿನಲ್ಲಿ ಐದು ಋತು ಆಡಿದರು.

ಆಟ ಹೇಗಿತ್ತು? ಸೊಗಸು ಹುಡುಕುವವರಿಗೆ ನಿರಾಸೆ. ಚೆಂಡನ್ನು ಬೇಗ ಮುಂದಕ್ಕೆ ಕಳಿಸು, ಎದುರಾಳಿಯ ಅರ್ಧದಲ್ಲೇ ಮುಗಿಬಿದ್ದು ಕಿತ್ತುಕೋ, ಕಾರ್ನರ್ ಮತ್ತು ಫ್ರೀಕಿಕ್ ಸಿಕ್ಕರೆ ಅದನ್ನು ಅರ್ಧ ಗೋಲು ಎಂದೇ ಎಣಿಸು. ಎಪ್ಪತ್ತನೇ ನಿಮಿಷ ದಾಟಿದ ಮೇಲೆ ಬೇರೆ ತಂಡದವರು ಸೊಂಟಕ್ಕೆ ಕೈಯಿಟ್ಟು ನಿಂತಾಗ ಬೆಂಗಳೂರಿನವರು ಇನ್ನೂ ಓಡುತ್ತಿದ್ದರು. ಇದರ ಗುಟ್ಟು ಮೈದಾನದಲ್ಲಿರಲಿಲ್ಲ, ಊಟದ ಮೇಜಿನಲ್ಲಿತ್ತು. ಏನು ತಿನ್ನಬೇಕು, ಯಾವಾಗ ತಿನ್ನಬೇಕು, ಎಷ್ಟು ನಿದ್ದೆ ಎಂಬುದಕ್ಕೆಲ್ಲ ಶಿಸ್ತು ಬಂತು. ಛೆಟ್ರಿ ನಲವತ್ತರ ಹತ್ತಿರಕ್ಕೂ ಆಡಿದ್ದರ ಹಿಂದೆ ಬೆಂಗಳೂರಿಗೆ ಬಂದ ಮೇಲೆ ಬದಲಾದ ಊಟದ ರೂಢಿಯ ದೊಡ್ಡ ಪಾಲಿದೆ. ಮೂವತ್ತರ ಸಮೀಪದ ಭಾರತೀಯ ತಾರೆಗೆ ತಟ್ಟೆಯಲ್ಲಿ ಇದು ಬೇಡ, ಅದು ಸಾಕು ಎಂದು ಹೇಳುವುದು ಸುಲಭದ ಮಾತಲ್ಲ. ಹೇಳಿದ ಮೇಲೆ ಅವರು ಕೇಳುವುದು ಇನ್ನೂ ದೊಡ್ಡ ಮಾತು.

ಫಲ ಬೇಗನೆ ಸಿಕ್ಕಿತು. ಹದಿಮೂರು ತಂಡಗಳ ಐ-ಲೀಗ್‌ನಲ್ಲಿ ಹುಟ್ಟಿ ವರ್ಷ ತುಂಬದ ಕ್ಲಬ್ 2014ರ ಏಪ್ರಿಲ್ 21ರಂದು ಮಡಗಾಂವ್‌ನ ಫಾತೋರ್ಡಾದಲ್ಲಿ ಡೆಂಪೊವನ್ನು 4-2ರಿಂದ ಬಗ್ಗುಬಡಿದು ಚಾಂಪಿಯನ್ ಆಯಿತು. ಭಾರತೀಯ ಫುಟ್‌ಬಾಲ್ ಎಂದರೆ ಕೋಲ್ಕತ್ತ, ಗೋವಾ ಎಂಬ ಲೆಕ್ಕ ತಪ್ಪಿತು. ಮರುವರ್ಷ ಜನವರಿಯಲ್ಲಿ ಅದೇ ಫಾತೋರ್ಡಾದಲ್ಲಿ ಅದೇ ಡೆಂಪೊ ಎದುರು 2-1ರ ಗೆಲುವು, ಫೆಡರೇಷನ್ ಕಪ್ ಕೂಡ ಬೆಂಗಳೂರಿಗೆ.

ಆದರೆ ನನಗೆ ಗೆದ್ದ ದಿನಗಳಿಗಿಂತ ಹೆಚ್ಚು ನೆನಪಿರುವುದು 2015ರ ಮೇ 31. ತಂಡ ಆಗಲೇ ಕಂಠೀರವಕ್ಕೆ ಸ್ಥಳಾಂತರವಾಗಿತ್ತು. ಲೀಗಿನ ಕೊನೆಯ ಪಂದ್ಯ, ಎದುರಾಳಿ ಮೋಹನ್ ಬಾಗನ್. ಅವರಿಗೆ ಡ್ರಾ ಸಾಕು, ನಾವು ಗೆಲ್ಲಲೇಬೇಕು. ಮಳೆಗೆ ತೊಯ್ದ ಮೈದಾನ. 41ನೇ ನಿಮಿಷದಲ್ಲಿ ಜಾನ್ಸನ್ ಗೋಲು ಹೊಡೆದಾಗ ಕ್ರೀಡಾಂಗಣ ಕಿತ್ತುಕೊಂಡು ಹೋಗುವಂತಾಯಿತು. ಅಲ್ಲಿಂದ ಮುಕ್ಕಾಲು ಗಂಟೆ ಬೆಂಗಳೂರು ಆ ಒಂದು ಗೋಲನ್ನು ಕಾದುಕೊಂಡಿತು. ಬರೀ ಕಾಯುವ ಆಟದಲ್ಲಿ ಗಡಿಯಾರ ನಡೆಯುವುದೇ ಇಲ್ಲ. 87ನೇ ನಿಮಿಷ, ಬಾಗನ್‌ಗೆ ಕಾರ್ನರ್. ನೈಜೀರಿಯಾದ ಎತ್ತರದ ಡಿಫೆಂಡರ್ ಬೆಲ್ಲೊ ರಜಾಕ್ ತಲೆ ಕೊಟ್ಟರು. 1-1. ಹದಿಮೂರು ವರ್ಷದ ಬಳಿಕ ಬಾಗನ್‌ಗೆ ಲೀಗ್ ಪ್ರಶಸ್ತಿ, ನಮಗೆ ಎರಡು ಅಂಕದ ಅಂತರದಲ್ಲಿ ಎರಡನೇ ಸ್ಥಾನ. ಕಾರ್ನರ್‌ಗಳನ್ನೇ ಬಂಡವಾಳ ಮಾಡಿಕೊಂಡಿದ್ದ ತಂಡ ಕಾರ್ನರ್‌ನಲ್ಲೇ ಸೋತಿತು. ಅಂದು ಕಂಠೀರವದಿಂದ ಹೊರಬಿದ್ದ ಜನಕ್ಕೆ ಇದು 'ತಮ್ಮ' ತಂಡ ಅನ್ನಿಸಿದ್ದು ಬಹುಶಃ ಮೊದಲ ಸಲ. ಗೆದ್ದವರನ್ನು ಯಾರಾದರೂ ಹಿಂಬಾಲಿಸುತ್ತಾರೆ. ಹಾಗೆ ಸೋತ ಮೇಲೂ ಮುಂದಿನ ಋತುವಿಗೆ ಟಿಕೆಟ್ ಕೊಳ್ಳಲು ಬಂದರೆ ಅದು ಬೇರೆಯದೇ ನಂಟು.

ಮುಂದಿನ ಋತುವಿನಲ್ಲಿ, 2016ರ ಏಪ್ರಿಲ್ 17ರಂದು, ಅದೇ ಕಂಠೀರವದಲ್ಲಿ ಸಾಲ್ಗಾಂವ್ಕರ್ ವಿರುದ್ಧ 2-0. ಮೂರು ವರ್ಷದಲ್ಲಿ ಎರಡನೇ ಲೀಗ್ ಪ್ರಶಸ್ತಿ.

ಈ ನಡುವೆ ದೇಶದ ಫುಟ್‌ಬಾಲ್ ಬೇರೆ ದಿಕ್ಕಿಗೆ ಹೊರಟಿತ್ತು. 2014ರ ಅಕ್ಟೋಬರ್‌ನಲ್ಲಿ ಇಂಡಿಯನ್ ಸೂಪರ್ ಲೀಗ್ ಶುರುವಾಯಿತು. ಜಿಕೊ ಕೋಚ್, ಮಟೆರಾಜಿ ಕೋಚ್ ಕಂ ಆಟಗಾರ, ಡೆಲ್ ಪಿಯೆರೊ ಮಿಂಚಿನ ಆಕರ್ಷಣೆ. ಅಲ್ಲಿ ಪೋಸ್ಟರ್‌ನಲ್ಲಿ ಹಾಕಲು ಮುಖ ಬೇಕಿತ್ತು. ಆದರೆ 2015ರ ಜುಲೈನಲ್ಲಿ ಮುಂಬೈಯಲ್ಲಿ ಭಾರತೀಯ ಆಟಗಾರರ ಹರಾಜು ನಡೆದಾಗ ಬೆಲೆ ಏರಿದ್ದು ಯಾರದು? ಛೆಟ್ರಿಗೆ 1.2 ಕೋಟಿ, ಶಿಲ್ಲಾಂಗ್‌ನ ಯುಜೀನ್‌ಸನ್ ಲಿಂಗ್ಡೊಗೆ 1.05 ಕೋಟಿ, ರಿನೊ ಆ್ಯಂಟೊಗೆ 90 ಲಕ್ಷ. ಮೂವರೂ ಬೆಂಗಳೂರು ಎಫ್‌ಸಿಯವರು. ಲಿಂಗ್ಡೊ ಅದೇ ವರ್ಷ ಭಾರತದ ವರ್ಷದ ಆಟಗಾರ ಕೂಡ ಆದರು. ತಾರೆಗಳ ಲೀಗ್ ತನ್ನ ದುಡ್ಡನ್ನು ಕೊನೆಗೂ ಸುರಿದದ್ದು ತಾರೆಯಲ್ಲದ ಕೋಚ್ ಹದಗೊಳಿಸಿದವರ ಮೇಲೆ.

ಒಂದು ಕೊರತೆಯನ್ನೂ ಹೇಳಲೇಬೇಕು. ಬೆಂಗಳೂರಿನ ಹುಡುಗರಿಗೆ ಆ ತಂಡದಲ್ಲಿ ಸಿಕ್ಕ ಜಾಗ ಕಡಿಮೆ. ಶಂಕರ್ ಸಂಪಂಗಿರಾಜ್ ಅವರಂಥ ಒಂದಿಬ್ಬರನ್ನು ಬಿಟ್ಟರೆ ಉಳಿದವರೆಲ್ಲ ಈಶಾನ್ಯ, ಕೇರಳ, ಪಂಜಾಬಿನವರು. ನಾಳೆಯೇ ಗೆಲ್ಲಬೇಕಾದ ಕೋಚ್‌ಗೆ ಹತ್ತು ವರ್ಷದ ಕೃಷಿಗೆ ಪುರಸೊತ್ತಿಲ್ಲ. ಊರೂರು ತಿರುಗಿದ ವೃತ್ತಿಯ ಇನ್ನೊಂದು ಮುಖ ಇದು: ಕರಾರು ಎರಡು ವರ್ಷದ್ದಾದರೆ ಯೋಚನೆಯೂ ಎರಡು ವರ್ಷದ್ದೇ.

2016ರ ಮೇ ತಿಂಗಳಲ್ಲಿ ಎಎಫ್‌ಸಿ ಕಪ್ ನಾಕೌಟ್‌ಗೆ ಬೆಂಗಳೂರು ಹಾಂಗ್‌ಕಾಂಗ್‌ನ ಮಾಂಗ್‌ಕಾಕ್ ಕ್ರೀಡಾಂಗಣಕ್ಕೆ ಹೋಗಿ ಕಿಚೀ ತಂಡವನ್ನು 3-2ರಿಂದ ಸೋಲಿಸಿತು. ಅದರೊಂದಿಗೆ ವೆಸ್ಟ್‌ವುಡ್ ಬೆಂಗಳೂರು ಬಿಟ್ಟರು. ಬಾರ್ಸಿಲೋನಾದಲ್ಲಿ ಸಹಾಯಕ ಕೋಚ್ ಆಗಿದ್ದ ಆಲ್ಬರ್ಟ್ ರೋಕಾ ಬಂದು, ಅದೇ ತಂಡವನ್ನು ಆ ನವೆಂಬರ್‌ನಲ್ಲಿ ದೋಹಾದ ಫೈನಲ್‌ವರೆಗೆ ಒಯ್ದರು. ರೋಕಾ ಅವರ ಬೆಂಗಳೂರು ನೋಡಲು ಚೆಂದ, ಒಪ್ಪುತ್ತೇನೆ. ಆದರೆ ಅವರಿಗೆ ಸಿಕ್ಕಿದ್ದು ಓಡಲು ಕಲಿತ ಕಾಲುಗಳು.

ಆಮೇಲಿನ ದಿನಗಳು ಚೆನ್ನಾಗಿರಲಿಲ್ಲ. ಮಲೇಷ್ಯಾದ ಪೆನಾಂಗ್‌ನಲ್ಲಿ ತಂಡ ಪಟ್ಟಿಯ ತಳ ಸೇರಿ, ಋತು ಮುಗಿಯುವ ಮೊದಲೇ ಮನೆಗೆ ಬರಬೇಕಾಯಿತು. 2017ರಲ್ಲಿ ಕೋಲ್ಕತ್ತದ ಎಟಿಕೆ ತಂಡ ಟೆಡ್ಡಿ ಷೆರಿಂಗ್‌ಹ್ಯಾಂ ಅವರನ್ನು ಕೋಚ್ ಮಾಡಿತು. 1999ರ ಚಾಂಪಿಯನ್ಸ್ ಲೀಗ್ ಫೈನಲ್‌ನ ಕೊನೇ ಕ್ಷಣಗಳಲ್ಲಿ ಯುನೈಟೆಡ್‌ಗೆ ಸಮಬಲದ ಗೋಲು ಹೊಡೆದವರು ಅವರೇ. ವೆಸ್ಟ್‌ವುಡ್‌ಗೆ ತಾಂತ್ರಿಕ ಹೊಣೆ. ಜನವರಿಯಲ್ಲಿ ಷೆರಿಂಗ್‌ಹ್ಯಾಂ ಕೆಲಸ ಹೋಯಿತು, ವೆಸ್ಟ್‌ವುಡ್ ಹಂಗಾಮಿ ಕೋಚ್. ಮಾರ್ಚ್‌ನಲ್ಲಿ ಆ ಕುರ್ಚಿಯೂ ಆಟಗಾರ ರಾಬಿ ಕೀನ್ ಪಾಲಾಯಿತು. ಹಾಲಿ ಚಾಂಪಿಯನ್ ತಂಡ ಹತ್ತರಲ್ಲಿ ಒಂಬತ್ತನೇ ಸ್ಥಾನಕ್ಕೆ ಕುಸಿಯಿತು. ಇದರಲ್ಲಿ ವೆಸ್ಟ್‌ವುಡ್ ಪಾಲಿಲ್ಲ ಎನ್ನಲಾಗದು. ಮುಂದೆ ಐ-ಲೀಗ್‌ನಲ್ಲಿ ಪಂಜಾಬ್ ತಂಡಕ್ಕೂ ಕೋಚ್ ಆದರು.

2023ರ ಕೊನೆಗೆ ಅವರು ಒಪ್ಪಿಕೊಂಡ ಕೆಲಸ ಯಾರಿಗಾದರೂ ಹುಚ್ಚು ಅನ್ನಿಸುವಂಥದ್ದು: ಅಫ್ಗಾನಿಸ್ತಾನದ ರಾಷ್ಟ್ರೀಯ ತಂಡ. ತಮ್ಮ ದೇಶದಲ್ಲಿ ಪಂದ್ಯ ಆಡಲಾಗದ, ಆಟಗಾರರು ಜರ್ಮನಿಯಿಂದ ಆಸ್ಟ್ರೇಲಿಯಾವರೆಗೆ ಚದುರಿಹೋದ ತಂಡ. ಆ ನವೆಂಬರ್‌ನಲ್ಲಿ ಕತಾರ್ ಕೈಯಲ್ಲಿ 8-1ರ ಸೋಲುಂಡಿತ್ತು. 2024ರ ಮಾರ್ಚ್‌ನಲ್ಲಿ ಭಾರತದ ವಿರುದ್ಧದ ವಿಶ್ವಕಪ್ ಅರ್ಹತಾ ಪಂದ್ಯಗಳ ಹೊತ್ತಿಗೆ ಹಲವು ಹಿರಿಯ ಆಟಗಾರರು ತಮ್ಮ ಫೆಡರೇಷನ್ ಜೊತೆ ಮುನಿದು ಬರಲೇ ಇಲ್ಲ. 'ತವರಿನ' ಪಂದ್ಯ ಸೌದಿಯ ಅಭಾದಲ್ಲಿ, 0-0. ಐದು ದಿನ ಕಳೆದು ಮಾರ್ಚ್ 26ರಂದು ಗುವಾಹಟಿ. ಛೆಟ್ರಿಗೆ 150ನೇ ಅಂತರರಾಷ್ಟ್ರೀಯ ಪಂದ್ಯ. ಪೆನಾಲ್ಟಿಯಲ್ಲಿ ಗೋಲನ್ನೂ ಹೊಡೆದರು, ಹಬ್ಬಕ್ಕೆ ಎಲ್ಲ ಸಿದ್ಧವಾಗಿತ್ತು. 70ನೇ ನಿಮಿಷದಲ್ಲಿ ರಹಮತ್ ಅಕ್ಬರಿ ಸಮ ಮಾಡಿದರು. 88ನೇ ನಿಮಿಷದಲ್ಲಿ ಗೋಲ್‌ಕೀಪರ್ ಗುರ್‌ಪ್ರೀತ್ ಸಂಧು ಎದುರಾಳಿಯನ್ನು ಕೆಡವಿ ಪೆನಾಲ್ಟಿ ಬಿಟ್ಟುಕೊಟ್ಟರು, ಷರೀಫ್ ಮುಖಮ್ಮದ್ ತಪ್ಪಲಿಲ್ಲ. 2-1. ಎಪ್ಪತ್ತನೇ ನಿಮಿಷದ ಮೇಲೆ ಯಾರು ಇನ್ನೂ ಓಡುತ್ತಿದ್ದಾರೆ ಎಂಬ ಹಳೆಯ ಲೆಕ್ಕವೇ ಅಂದೂ ಕೆಲಸ ಮಾಡಿತು, ಈ ಸಲ ನಮ್ಮ ವಿರುದ್ಧ. ಮೂರು ತಿಂಗಳಲ್ಲಿ ಛೆಟ್ರಿ ನಿವೃತ್ತಿ ಹೇಳಿದರು, ಕೋಚ್ ಇಗೊರ್ ಸ್ಟಿಮ್ಯಾಕ್ ವಜಾ ಆದರು.

ಕಥೆ ಅಲ್ಲಿಗೂ ನಿಲ್ಲಲಿಲ್ಲ. ಅದೇ ಆಗಸ್ಟ್‌ನಲ್ಲಿ ವೆಸ್ಟ್‌ವುಡ್ ಹಾಂಗ್‌ಕಾಂಗ್ ತಂಡದ ಕೋಚ್ ಆದರು. ನಿವೃತ್ತಿಯಿಂದ ಮರಳಿದ ಛೆಟ್ರಿ 2025ರ ಜೂನ್ 10ರಂದು ಕೈ ತಕ್ ಕ್ರೀಡಾಂಗಣದಲ್ಲಿ ಏಷ್ಯನ್ ಕಪ್ ಅರ್ಹತಾ ಪಂದ್ಯಕ್ಕೆ ಮತ್ತೆ ಅವರ ಎದುರಾದರು, ಬೆಂಚಿನಿಂದ ಎದ್ದುಬಂದ ಬದಲಿ ಆಟಗಾರನಾಗಿ. ಹಳೆಯ ವಿಮಾನ ನಿಲ್ದಾಣದ ಜಾಗದಲ್ಲಿ ಎದ್ದ ಹೊಸ ಕ್ರೀಡಾಂಗಣ, ನಲವತ್ತು ಸಾವಿರಕ್ಕೂ ಮೀರಿದ ಜನ. ಹೆಚ್ಚುವರಿ ಸಮಯದಲ್ಲಿ ಗೋಲ್‌ಕೀಪರ್ ವಿಶಾಲ್ ಕೈತ್ ಮುಂದೆ ನುಗ್ಗಿ ಚೆಂಡಿನ ಬದಲು ಎದುರಾಳಿಗೆ ಕೈ ತಾಗಿಸಿದರು. ಬ್ರೆಜಿಲ್ ಮೂಲದ ಸ್ಟೆಫಾನ್ ಪೆರೇರಾ ಪೆನಾಲ್ಟಿ ಒಳಗೆ ಹೊಡೆದರು. 1-0. ವಿದೇಶಿ ಮೂಲದವರಿಗೂ ತಂಡದಲ್ಲಿ ಜಾಗ ಕೊಡಬೇಕೇ ಎಂಬ ಚರ್ಚೆ ಮರುದಿನವೇ ನಮ್ಮಲ್ಲಿ ಎದ್ದಿತು. ತೊಂಬತ್ತು ನಿಮಿಷ ಗೋಲು ಹೊಡೆಯಲಾಗದ್ದಕ್ಕೆ ಪಾಸ್‌ಪೋರ್ಟ್ ಕಾರಣವೇ ಎಂದು ಕೇಳಿದವರು ಕಡಿಮೆ. ಹಾಗೆಂದು ವೆಸ್ಟ್‌ವುಡ್‌ಗೂ ಏಷ್ಯನ್ ಕಪ್ ಒಲಿಯಲಿಲ್ಲ. ನವೆಂಬರ್ 18ರಂದು ಅದೇ ಕೈ ತಕ್‌ನಲ್ಲಿ ಮುನ್ನಡೆ ಪಡೆದೂ ಹಾಂಗ್‌ಕಾಂಗ್ 1-2ರಿಂದ ಸಿಂಗಪುರಕ್ಕೆ ಸೋತಿತು. ಗುಂಪಿನ ಒಂದೇ ಟಿಕೆಟ್ ಸಿಂಗಪುರದ ಪಾಲಾಯಿತು.

2025ರ ಆಗಸ್ಟ್‌ನಲ್ಲಿ ಭಾರತ ತನ್ನ ತಂಡವನ್ನು ಖಾಲಿದ್ ಜಮೀಲ್ ಕೈಗಿಟ್ಟಿತು. 2017ರಲ್ಲಿ ಪುಟ್ಟ ಐಜ್ವಾಲ್ ಕ್ಲಬ್ಬಿಗೆ ಐ-ಲೀಗ್ ಗೆದ್ದುಕೊಟ್ಟವರು, ಐಎಸ್‌ಎಲ್‌ನಲ್ಲಿ ಪೂರ್ಣಾವಧಿ ಮುಖ್ಯ ಕೋಚ್ ಆದ ಮೊದಲ ಭಾರತೀಯ. ಆ ಕುರ್ಚಿಗೆ ಬರಲು ಜಮೀಲ್‌ಗೆ ಎಷ್ಟು ವರ್ಷ ಹಿಡಿಯಿತು ನೋಡಿ. ಇತ್ತ ಆಸ್ಟಿನ್ ಟೌನ್ ಮೈದಾನದಲ್ಲಿ ಬೆಳಿಗ್ಗೆ ಆರಕ್ಕೆ ಮಕ್ಕಳಿಗೆ ಕೋನ್ ಇಟ್ಟು ಓಡಿಸುತ್ತಿರುವವರಲ್ಲಿ ಕಾರ್ಖಾನೆ ತಂಡಗಳಲ್ಲಿ ಆಡಿ ಮಂಡಿ ಸವೆಸಿಕೊಂಡವರು ಇದ್ದಾರೆ. ಅವರಲ್ಲೂ ವೆಸ್ಟ್‌ವುಡ್‌ನಷ್ಟೇ ಡ್ರೆಸ್ಸಿಂಗ್ ರೂಮ್ ಕಂಡವರಿದ್ದಾರು. ಅವರನ್ನು ಲೈಸೆನ್ಸ್ ಕೋರ್ಸಿಗೆ ಕಳಿಸುವ ಖರ್ಚು ಒಬ್ಬ ವಿದೇಶಿ ತಾರೆಯ ಒಂದು ತಿಂಗಳ ಸಂಬಳಕ್ಕಿಂತ ಹೆಚ್ಚಾಗಲಾರದು.